ನಾಲ್ಕನೇ ಪಾಕ

ಕಪಾಟಿನ ಮೇಲಿನ ಅರೆಯಲ್ಲಿ, ಎಡತುದಿಗೆ, ಇರಬೇಕಾಗಿದ್ದ ಗಾಜಿನ ಭರಣಿ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಧೂಳಿನ ನಡುವೆ ದುಂಡನೆಯ ಗುರುತೊಂದು, ಕಿತ್ತ ಹಲ್ಲಿನ ಗೂಡಿನ ಹಾಗೆ, ಅವಳನ್ನೇ ನೋಡುತ್ತಿತ್ತು.

ಅವಳು ಕಪಾಟಿನ ಬಾಗಿಲು ಮುಚ್ಚಿದಳು. ಮತ್ತೆ ತೆರೆದಳು. ಅಷ್ಟರಲ್ಲಿ ಭರಣಿ ವಾಪಸು ಬಂದಿರಬಹುದು ಎಂಬ ಆಸೆ. ರಸಾಯನಶಾಸ್ತ್ರ ಓದಿದವರಿಗೂ ಇಂಥ ಆಸೆಗಳು ಬರುತ್ತವೆ, ಹೊರಗೆ ಹೇಳಿಕೊಳ್ಳುವುದಿಲ್ಲ ಅಷ್ಟೆ.

ಭರಣಿ ಬಂದಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಾರ್ಖಾನೆಯ ಯಜಮಾನರು ಬರುವವರಿದ್ದರು.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಪಿಸುಮಾತು ಎಂದು ಕರೆಯುತ್ತಿದ್ದರು. ಅವಳೆದುರಿಗೇ ಕರೆಯುತ್ತಿದ್ದರು. ಯಾಕೆ ಹಾಗನ್ನುತ್ತೀರಿ ಎಂದು ಅವಳು ಕೇಳಿದ್ದಳಂತೆ, ಯಾರಿಗೂ ಕೇಳಿಸಿರಲಿಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದಾಗ "ನಿಲ್ಸಿ" ಎನ್ನಲು ಗಂಟಲೇಳದೆ, ಮುಂದೆ ಬೇರೆ ಯಾರೋ ಇಳಿಯುವ ತನಕ ಕಾದು, ಅಲ್ಲಿಂದ ನಡೆದು ಬರುವವರ ಪೈಕಿ ಅವಳು. ಆದರೆ ಈಚೆಗೆ ಬಸ್ಸಿನಲ್ಲಿ ಒಂದು ಅನುಕೂಲವಾಗಿತ್ತು. ಅವಳು ಕೂತ ಕೂಡಲೇ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತ ಎದ್ದು ಹೋಗುತ್ತಿದ್ದರು. ಇಡೀ ಸೀಟು ಅವಳದೇ.

ಅದಕ್ಕೆ ಕಾರಣ ಅವಳ ಕೆಲಸ. ಮೆಥನಾಲಿನ ಹಬೆಯನ್ನೂ ಅಮೋನಿಯಾವನ್ನೂ ಕೂಡಿಸಿ, ಬಿಸಿ ಕೊಳವೆಯಲ್ಲಿ ತುಂಬಿಟ್ಟ ಬಿಳಿಯ ಕಾಳುಗಳ ಮೇಲೆ ಹಾಯಿಸಿದರೆ ಅಮೀನ್ ಎಂಬ ಅನಿಲ ಹುಟ್ಟುತ್ತದೆ. ಆದರೆ ಹುಟ್ಟುವವರು ಮೂವರು ಅಣ್ಣತಮ್ಮಂದಿರು. ಮೊದಲನೆಯವನು ಪೀಚಲು, ನಡುವಿನವನು ಹದ, ಮೂರನೆಯವನು ಡೊಳ್ಳುಹೊಟ್ಟೆ. ಪೇಟೆಯಲ್ಲಿ ಬೆಲೆ ಇರುವುದು ನಡುವಿನವನಿಗೆ. ಯಾರಿಗೂ ಬೇಡದ ಮೂರನೆಯವನೇ ಎಲ್ಲರಿಗಿಂತ ಹೆಚ್ಚು ಹುಟ್ಟುವವನು, ಬಂದಲ್ಲೆಲ್ಲ ಕೊಳೆತ ಮೀನಿನ ವಾಸನೆ ಹಬ್ಬಿಸುವವನು.

ಈ ಮೂರನೆಯವನನ್ನು ತಡೆಯುವುದಕ್ಕೇ ಆ ಬಿಳಿಯ ಕಾಳು. ಅದರ ಹೆಸರು ಜಿಯೋಲೈಟ್. ಒಂದೊಂದು ಕಾಳಿನೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳ ದೊಡ್ಡ ವಠಾರ. ಕೋಣೆಗಳಿಗೆಲ್ಲ ಇಕ್ಕಟ್ಟಾದ ಬಾಗಿಲು. ಒಳಗೆ ಹುಟ್ಟಿದ ಪೀಚಲಣ್ಣನೂ ಹದದಣ್ಣನೂ ಮೈ ಓರೆ ಮಾಡಿಕೊಂಡು ಹೊರಗೆ ಬರುತ್ತಾರೆ. ಡೊಳ್ಳುಹೊಟ್ಟೆಯವನು ಬಾಗಿಲಲ್ಲಿ ಸಿಕ್ಕಿಬಿದ್ದು, ಒಳಗೇ ಕರಗಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪುಸ್ತಕದಲ್ಲಿ ಹಾಗೆ. ಅವಳ ಕಾಳುಗಳಲ್ಲಿ ಮೂರನೆಯವನು ಒಳಗೆ ಹೋಗುವ ಗೊಡವೆಗೇ ಹೋಗದೆ, ವಠಾರದ ಹೊರಜಗುಲಿಯಲ್ಲೇ ಹುಟ್ಟಿಬಿಡುತ್ತಿದ್ದ.

ಕಾಳನ್ನು ಅವಳೇ ಕಾಸಿ ತಯಾರಿಸುತ್ತಿದ್ದಳು, ಒಂದು ಸಲ ಮಾಡಿದ್ದು ಒಂದು ಪಾಕ. ಒಂದನೇ ಪಾಕದಿಂದ ಹನ್ನೊಂದನೇ ಪಾಕದವರೆಗೂ ಅವಳ ಕೈ ಒಂದೇ, ಅಳತೆ ಒಂದೇ. ಆದರೂ ನಾಲ್ಕನೇ ಪಾಕ ಮಾತ್ರ ಪುಸ್ತಕದ ಹಾಗೆ ನಡೆದುಕೊಂಡಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಉಳಿದವೆಲ್ಲ ಮೂಲೆಯಲ್ಲಿದ್ದ ಬಿಸಾಡುವ ಡಬ್ಬ ಸೇರಿ ಹೊರಗೆ ಹೋಗಿದ್ದವು, ಈಗ ಡಬ್ಬದಲ್ಲಿದ್ದದ್ದು ಹನ್ನೊಂದನೆಯದು. ನಾಲ್ಕನೆಯದರಲ್ಲಿ ಒಂದೇ ಒಂದು ಭರಣಿ ಮಿಕ್ಕಿತ್ತು. ಅದು ಸವೆದೀತೆಂದು ಅವಳು ಒಂದು ವಾರದಿಂದ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಈ ದಿನ ಯಜಮಾನರ ಎದುರಿಗೆ ಅದು ಕೆಲಸ ಮಾಡಿದರೆ ಅವಳ ಹುದ್ದೆ ಕಾಯಂ. ಮಾಡದಿದ್ದರೆ ಅವಳ ಕೋಣೆ ಖಾಲಿ ಡ್ರಮ್ಮುಗಳ ಗೋದಾಮು, ಅವಳು ಮನೆಗೆ.

"ಏನ್ ಹುಡುಕ್ತಾ ಇದೀಯಮ್ಮ?" ಎಂದು ಹಿಂದಿನಿಂದ ಫಿಟ್ಟರ್ ಕೇಳಿದ.

ಅವಳು ಕಪಾಟಿನ ಬಾಗಿಲನ್ನು ತಳ್ಳಿ ಮುಚ್ಚಿದಳು. ಪಂಪುಗಳ ಗದ್ದಲದ ನಡುವೆಯೇ ಆಯುಸ್ಸು ಕಳೆದವನು ಅವನು. ಅವನು ಗುಟ್ಟು ಹೇಳಿದರೆ ರಸ್ತೆಯಾಚೆಗೆ ಕೇಳಿಸುತ್ತಿತ್ತು.

"ಏನಿಲ್ಲ… ಭರಣಿ…" ಎಂದಳು ಅವಳು, ತುಟಿ ಅಲುಗಿತೋ ಇಲ್ಲವೋ ಎಂಬಂತೆ.

"ಏನು, ಭರಣಿ ಕಳೆದುಹೋಯ್ತಾ? ನಾಲ್ಕನೇ ಪಾಕದ್ದಾ? ಇವತ್ತಾ?"

"ಮೆಲ್ಲಗೆ… ಮುಖ್ಯಸ್ಥರಿಗೆ ಗೊತ್ತಾಗ್ಬಾರ್ದು…"

"ಮುಖ್ಯಸ್ಥರಿಗೆ ಗೊತ್ತಾಗ್ಬಾರ್ದಾ? ನಾನ್ಯಾಕೆ ಹೇಳ್ಲಿ! ನನ್ನ ಬಾಯಿಂದ ಒಂದು ಮಾತು ಹೊರಗೆ ಬರಲ್ಲ!"

ಕಿಟಕಿಯಾಚೆ, ರಸ್ತೆಗೆದುರಾದ ಅಂಗಡಿಯಲ್ಲಿ, ದರ್ಜಿಯ ಹೊಲಿಗೆ ಯಂತ್ರ ನಿಂತಿತು. "ಏನ್ರೀ ಕಳೀತು?" ಎಂದು ದರ್ಜಿ ಅಲ್ಲಿಂದಲೇ ಕೂಗಿದ.

"ನಾಲ್ಕನೇ ಪಾಕ!" ಎಂದು ಫಿಟ್ಟರ್ ಇಲ್ಲಿಂದ ಕೂಗಿದ. "ಯಾರಿಗೂ ಹೇಳ್ಬೇಡಿ!"

ಪುಣ್ಯಕ್ಕೆ ಪ್ರಯೋಗಶಾಲೆಯ ಮುಖ್ಯಸ್ಥರು ಕಾರ್ಖಾನೆಯಲ್ಲಿರಲಿಲ್ಲ. ಬೆಳಿಗ್ಗೆಯೇ ಯಜಮಾನರನ್ನು ಕರೆತರಲು ಹೊರಟಿದ್ದರು. ಅವಳು ಧೈರ್ಯ ಮಾಡಿ ಅವರಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಯಜಮಾನರ ಜೊತೆಯಲ್ಲಿರುವಾಗ ಅವರು ಉಸಿರನ್ನು ಕೂಡ ಕೇಳಿಯೇ ಎಳೆದುಕೊಳ್ಳುವವರು, ಫೋನು ಎಲ್ಲಿ ಎತ್ತುತ್ತಾರೆ? ಎತ್ತಿದ್ದರೂ ಅವಳು ಏನು ಹೇಳುತ್ತಿದ್ದಳೋ.

ಅವಳೂ ಫಿಟ್ಟರೂ ಕೋಣೆಯನ್ನು ತಲೆಕೆಳಗು ಮಾಡಿದರು. ತೊಟ್ಟಿಯ ಕೆಳಗೆ, ಕುಲುಮೆಯ ಹಿಂದೆ, ಗ್ಯಾಸು ಸಿಲಿಂಡರುಗಳ ಸಂದಿಯಲ್ಲಿ. ಫಿಟ್ಟರ್ ಒಂದೊಂದು ವಸ್ತುವನ್ನೂ ಎತ್ತಿ ತೋರಿಸಿ "ಇದಾ? ಇದಾ?" ಎನ್ನುತ್ತಿದ್ದ. ಒಂದು ಸಲ ಅವಳದೇ ಊಟದ ಡಬ್ಬಿಯನ್ನು ಎತ್ತಿ ತೋರಿಸಿದ. ಹುಡುಕುತ್ತ ಹುಡುಕುತ್ತ ಅವಳಿಗೆ ಇನ್ನೊಂದು ಕೋಣೆಯ ನೆನಪಾಯಿತು. ತನ್ನ ಕೋಣೆಗೆ ಕೇಳದೆ ಹೇಳದೆ ಬಂದು, ಬೇಕಾದ್ದು ಎತ್ತಿಕೊಂಡು ಹೋಗುವ ಒಬ್ಬಳೇ ಒಬ್ಬಳು ಈ ಲೋಕದಲ್ಲಿದ್ದಳು.

ಚಿಕ್ಕಮ್ಮ.

ಚಿಕ್ಕಮ್ಮ ಅದೇ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದಳು. ಪಿಸುಮಾತಿಗೆ ಈ ಕೆಲಸ ಕೊಡಿಸಿದವಳೂ ಅವಳೇ, ಉಳಿದುಕೊಳ್ಳಲು ತನ್ನ ಮನೆಯಲ್ಲಿ ಜಾಗ ಕೊಟ್ಟವಳೂ ಅವಳೇ. ಆ ಎರಡೂ ಉಪಕಾರಗಳನ್ನು ದಿನಕ್ಕೊಮ್ಮೆಯಾದರೂ ನೆನಪಿಸುವವಳೂ ಅವಳೇ. ಅವಳ ಮೇಜಿನ ಕೆಳಗೆ ಒಂದು ಬೂದುಬಣ್ಣದ ಬೆಕ್ಕು ಸಂಸಾರ ಹೂಡಿತ್ತು. ದಿನವೂ ಎಲ್ಲರ ಮೇಜಿನ ಮೇಲೂ ಒಂದು ಸುತ್ತು ಹಾಕಿ, ಎಲ್ಲವನ್ನೂ ಮೂಸಿ, ಯಾವುದೂ ಸರಿಯಿಲ್ಲ ಎಂಬಂತೆ ಮುಖ ಮಾಡಿಕೊಂಡು ಹೋಗುತ್ತಿದ್ದುದರಿಂದ ಅದಕ್ಕೆ ಆಡಿಟರ್ ಎಂದು ಹೆಸರು ಬಿದ್ದಿತ್ತು.

ಪಿಸುಮಾತು ಲೆಕ್ಕದ ಕೋಣೆಯ ಬಾಗಿಲಲ್ಲಿ ನಿಂತಳು. ಚಿಕ್ಕಮ್ಮನ ಮೇಜಿನ ಕೆಳಗೆ ಅಗಲವಾದ ಪ್ಲಾಸ್ಟಿಕ್ ತಟ್ಟೆ. ತಟ್ಟೆಯ ತುಂಬ ಬಿಳಿಯ ಕಾಳು. ಕಾಳಿನ ನಡುವೆ ಆಡಿಟರ್, ಬಾಲ ಕೊಂಚ ಮೇಲೆತ್ತಿ, ದೂರದೃಷ್ಟಿಯುಳ್ಳವರ ಗಾಂಭೀರ್ಯದಲ್ಲಿ ಗೋಡೆಯನ್ನೇ ನೋಡುತ್ತ ಕೂತಿತ್ತು. ಆಮೇಲೆ ಅದು ಎದ್ದು, ಹಿಂಗಾಲಿನಲ್ಲಿ ಒಂದಿಷ್ಟು ಕಾಳನ್ನು ಕೆದರಿ, ತನ್ನ ಕೆಲಸವನ್ನು ಮುಚ್ಚಿಟ್ಟಿತು.

"ಚಿಕ್ಕಮ್ಮ… ಅದು… ಎಲ್ಲಿಂದ…"

"ಯಾವುದು, ಆ ಕಾಳಾ? ನಿನ್ನ ಕೋಣೆಯಿಂದ್ಲೇ ತಂದಿದ್ದು ಕಣೇ, ಹೋದ ವಾರ," ಎಂದಳು ಚಿಕ್ಕಮ್ಮ ತಲೆಯೆತ್ತದೆ. "ಏನು ಚೆನ್ನಾಗಿ ವಾಸನೆ ಹೀರ್ಕೊಳ್ಳತ್ತೆ ಅಂತೀಯಾ! ಮಣ್ಣು ಹಾಕಿದ್ರೆ ಮೂಗು ಬಿಡೋಕಾಗ್ತಿರ್ಲಿಲ್ಲ. ಒಂದು ಭರಣಿಯಷ್ಟು ತಂದೆ, ಆ ಕಡೆ ಇತ್ತಲ್ಲ—"

ಅವಳು ಮಾತು ಮುಗಿಸಲಿಲ್ಲ. ಏಕೆಂದರೆ ಆ ಕಾರ್ಖಾನೆಯಲ್ಲಿ ಯಾರೂ ಎಂದೂ ಕೇಳದ ಒಂದು ಸದ್ದು ಆಗ ಕೇಳಿಸಿತು. ಪಿಸುಮಾತು ಕಿರುಚಿದಳು.

"ನನ್ನ ಬದುಕನ್ನೇ ತಂದು ಬೆಕ್ಕಿನ ಕೆಳಗೆ ಹಾಕಿದೀಯಲ್ಲ! ಈ ಬೆಕ್ಕು ಇನ್ನು ಒಂದು ಕ್ಷಣ ಈ ಕಟ್ಟಡದಲ್ಲಿ ಇರಬಾರ್ದು! ಎಲ್ಲಾದ್ರೂ ದೂರ ತಗೊಂಡ್ಹೋಗಿ ಬಿಡಿ ಇದನ್ನ! ವಾಪಸು ಬರಬಾರ್ದು, ಅಷ್ಟು ದೂರ!"

ಟೈಪು ಮಾಡುತ್ತಿದ್ದ ಬೆರಳುಗಳು ನಿಂತವು. ರಸ್ತೆಯಾಚೆ ಹೊಲಿಗೆ ಯಂತ್ರವೂ ನಿಂತಿತು. ಬಾಗಿಲ ಬಳಿ ಸಹಿಗೆ ಕಾಯುತ್ತಿದ್ದ ವ್ಯಾನ್ ಡ್ರೈವರ್ ಬಾಯಿ ತೆರೆದುಕೊಂಡು ನೋಡಿದ. ಅವನಿಗೆ ಆಜ್ಞೆ ಕೊಡುವವರು ಆ ಕಾರ್ಖಾನೆಯಲ್ಲಿ ಬೇಕಾದಷ್ಟು ಜನ ಇದ್ದರು, ಆದರೆ ಇಷ್ಟು ಸ್ಪಷ್ಟವಾದ ಆಜ್ಞೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಅವನು ಮರುಮಾತಿಲ್ಲದೆ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಆಡಿಟರನ್ನು ಎತ್ತಿ ಒಳಗಿಟ್ಟು, ಮುಚ್ಚಳ ಹಾಕಿದ.

"ಹೊಳೆಯಾಚೆಗೆ ಡ್ರಮ್ಮು ಇಳಿಸೋಕೆ ಹೊರಟಿದೀನಿ ಮೇಡಂ. ಅಲ್ಲೇ ಬಿಟ್ಟು ಬರ್ತೀನಿ. ಬೆಕ್ಕು ನೀರು ದಾಟಲ್ಲ," ಎಂದು ಹೇಳಿ ಹೊರಟುಹೋದ. ಪೆಟ್ಟಿಗೆಯ ತೂತಿನಿಂದ ಒಂದು ಹಸಿರು ಕಣ್ಣು ಎಲ್ಲರನ್ನೂ ಕೊನೆಯ ಸಲ ಪರಿಶೀಲಿಸಿತು.

ಚಿಕ್ಕಮ್ಮನ ಮುಖ ಊದಿಕೊಂಡಿತು. "ಸರಿ," ಎಂದಳು. "ಸರಿ ಕಣಮ್ಮ. ಇಷ್ಟು ಬಾಯಿ ಇದೆ ಅಂತ ಗೊತ್ತಿದ್ರೆ ಕೆಲಸ ಕೊಡ್ಸೋವಾಗ ನಿನ್ನ ಬದಲು ನಾನು ಯಾಕೆ ಮಾತಾಡ್ಬೇಕಿತ್ತು? ಇನ್ನು ನಾನು ಬಾಯಿ ಬಿಟ್ರೆ ಕೇಳು." ಅಷ್ಟು ಹೇಳಿ ತುಟಿ ಹೊಲಿದುಕೊಂಡು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಟ್ಟಳು. ಚಿಕ್ಕಮ್ಮ ಮಾತು ಬಿಟ್ಟರೆ ಬಿಟ್ಟಂತೆಯೇ. ಮನೆಯಲ್ಲಿ ಚಿಕ್ಕಪ್ಪ ಒಂದು ಮಳೆಗಾಲ ಪೂರ್ತಿ ಕನ್ನಡಿಯ ಜೊತೆ ಮಾತಾಡಿಕೊಂಡು ಕಳೆದಿದ್ದ.

ಪಿಸುಮಾತಿಗೆ ಅದನ್ನೆಲ್ಲ ನೋಡಲು ಪುರುಸೊತ್ತಿರಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಉಸಿರು ಬಿಗಿಹಿಡಿದು, ತನ್ನ ಕೋಣೆಗೆ ಓಡಿದಳು.

"ಇದನ್ನಾ?" ಎಂದ ಫಿಟ್ಟರ್, ತಟ್ಟೆಯೊಳಗೆ ಬಗ್ಗಿ ನೋಡಿ, ಬಗ್ಗಿದಷ್ಟೇ ವೇಗವಾಗಿ ಹಿಂದಕ್ಕೆ ಸರಿದು. "ಇದನ್ನ ಯಜಮಾನರ ಮುಂದೆ?"

"ಬೇರೆ ದಾರಿ ಇಲ್ಲ," ಎಂದಳು. ಅವಳ ದನಿ ಮತ್ತೆ ಹಳೆಯ ಜಾಗಕ್ಕೆ ಇಳಿದಿತ್ತು.

ಕೈಗವಸು ಹಾಕಿಕೊಂಡು, ಗಟ್ಟಿಯಾದದ್ದನ್ನು ಚಮಚದಲ್ಲಿ ಆರಿಸಿ ತೆಗೆದದ್ದು ಅವಳು. ಮುಖ ತಿರುಗಿಸಿಕೊಂಡು ನೀರು ಹುಯ್ದದ್ದು ಫಿಟ್ಟರ್. ತೊಳೆದು, ಬಸಿದು, ಮತ್ತೆ ತೊಳೆದು, ಕಾಳನ್ನು ಕುಲುಮೆಯೊಳಗಿಟ್ಟು ಬಾಗಿಲು ಹಾಕಿದರು. ಕುಲುಮೆಯ ಶಾಖದ ಮುಳ್ಳು ಮೆಟ್ಟಿಲು ಹತ್ತುವ ಬಸುರಿಯ ಹಾಗೆ ಮೆಲ್ಲಮೆಲ್ಲಗೆ ಮೇಲೇರತೊಡಗಿತು. ಅವಳು ಅದರ ಮುಂದೆ ನಿಂತು ಉಗುರು ಕಚ್ಚಿದಳು. ಒಂದು ಕೈಯ ಉಗುರು ಮುಗಿದವು. ಇನ್ನೊಂದು ಕೈಗೆ ಬಂದಳು. ಆ ಕೈಯಲ್ಲಿ ಈಗತಾನೆ ಏನು ಹಿಡಿದಿದ್ದೆ ಎಂದು ನೆನಪಾಗಿ ಬಿಟ್ಟಳು.

ಕಾಳು ಕೆಂಪಗೆ ಕಾಯುವ ಹೊತ್ತಿಗೆ ಕುಲುಮೆಯ ಹೊಗೆಗೊಳವೆಯಿಂದ ಎಂಥದೋ ಒಂದು ವಾಸನೆ ಎದ್ದು ರಸ್ತೆಗೆ ಇಳಿಯಿತು.

"ಏನ್ರೀ ಇದು!" ಎಂದು ದರ್ಜಿ ಕೂಗಿದ. "ಮೀನಿಗೆ ಹೇಗೋ ಒಗ್ಗಿಕೊಂಡಿದ್ವಿ. ಇದ್ಯಾವುದು ಹೊಸದು?"

"ಸ್ವಲ್ಪ ತಡ್ಕೊಳ್ಳಿ! ಬೆಕ್ಕಿಂದು!" ಎಂದು ಫಿಟ್ಟರ್ ಸಮಾಧಾನ ಹೇಳಿದ.

ಕಾಳು ತಣಿಯುವುದಕ್ಕೆ ಪೂರ್ತಿ ಬಿಡಲಿಲ್ಲ. ಕೊಳವೆಗೆ ತುಂಬಿದರು, ತಿರುಪು ಬಿಗಿದರು, ಬಿಸಿ ಕೊಟ್ಟರು, ಹಬೆ ಬಿಟ್ಟರು. ಅಷ್ಟರಲ್ಲೇ ಗೇಟಿನ ಹತ್ತಿರ ಕಾರಿನ ಬಾಗಿಲು ಧಡ್ ಎಂದಿತು.

ಮೊದಲು ಒಳಗೆ ಬಂದದ್ದು ಯಜಮಾನರ ಕರವಸ್ತ್ರ. ಅದರ ಹಿಂದೆ ಯಜಮಾನರು. ಹಿಂದೊಮ್ಮೆ ಈ ಕೋಣೆಗೆ ಬಂದು ಹೋದ ಮೇಲೆ ಅವರ ಮನೆಯವರು ಅವರನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರಂತೆ, ಅದರಿಂದ ಈ ಸಲ ಮೂಗು ಮುಚ್ಚಿಕೊಂಡೇ ಕಾರು ಇಳಿದಿದ್ದರು. ಅವರ ಹಿಂದೆ ಮುಖ್ಯಸ್ಥರು, ನಡುವಿಂದ ಮೇಲಕ್ಕೆ ಬಗ್ಗಿಕೊಂಡು. ಏನು ಕೇಳಿದರೂ "ಆಮೇಲೆ, ಆಮೇಲೆ" ಎನ್ನುವ ಮನುಷ್ಯ ಅವರು. ಹನ್ನೊಂದು ಪಾಕಗಳಲ್ಲಿ ಒಂದನ್ನೂ ಅವರು ಕೈಯಿಂದ ಮುಟ್ಟಿರಲಿಲ್ಲ. ಕೊಳವೆಗೆ ಕಾಳು ತುಂಬುವುದೆಂದರೆ ಲೋಟಕ್ಕೆ ಸಕ್ಕರೆ ಹಾಕಿದ ಹಾಗೆ, ಹಾಕಿ ಕದಡಿದರಾಯಿತು ಎಂದೇ ಅವರ ತಿಳಿವಳಿಕೆ.

"ಶುರು ಮಾಡಿಬಿಟ್ಟೆಯಾ?" ಎಂದರು ಅವರು, ಬಿಸಿಯೇರಿದ ಕೊಳವೆಯನ್ನು ನೋಡಿ ಗಾಬರಿಯಾಗಿ.

ಅವಳು ತಲೆಯಾಡಿಸಿದಳು.

"ಯಾವುದರಿಂದ?" ಎಂಬಂತೆ ಅವರು ಹುಬ್ಬೆತ್ತಿದರು. ತಮ್ಮ ಕೋಣೆಯ ಕಡೆಗೊಮ್ಮೆ ಕಣ್ಣು ಹೊರಳಿಸಿದರು. ಅವಳಿಗೆ ಅದು ಬೈಗುಳ ಎನಿಸಿತು. ಎಲ್ಲ ಗೊತ್ತಾಗಿದೆ, ಆಮೇಲೆ ಕೋಣೆಗೆ ಬಾ ವಿಚಾರಿಸುತ್ತೇನೆ ಎನ್ನುತ್ತಿದ್ದಾರೆ. ಬಾಗಿಲ ಬಳಿ ಚಿಕ್ಕಮ್ಮ ಬಂದು ನಿಂತಿದ್ದಳು, ಕೈ ಕಟ್ಟಿಕೊಂಡು, ತುಟಿ ಬಿಗಿದುಕೊಂಡು. ಮಾತು ಬಿಟ್ಟಿದ್ದಳೇ ಹೊರತು ನೋಡುವುದು ಬಿಟ್ಟಿರಲಿಲ್ಲ.

"ಹೊಳೆಯಾಚೆಯ ಕಾರ್ಖಾನೆಯವರೂ ಇದನ್ನೇ ಮಾಡ್ತಾ ಇದಾರೆ ಅಂತ ಸುದ್ದಿ," ಎಂದರು ಯಜಮಾನರು ಕರವಸ್ತ್ರದ ಒಳಗಿನಿಂದ. "ಅವರ ಕೋಣೆಯೂ ಹೀಗೇ ನಾರುತ್ತಂತೆ. ಯಾರು ಮೊದಲು ಮೂರನೆಯವನನ್ನ ಹೊರಗೆ ಹಾಕ್ತಾರೋ ಪೇಟೆ ಅವರದು. ಹೂಂ, ತೋರ್ಸು."

ಕೊಳವೆಯಿಂದ ಹೊರಬಂದ ಅನಿಲವನ್ನು ಅವಳು ಸಿರಿಂಜಿನಲ್ಲಿ ಎಳೆದು ಪರೀಕ್ಷೆಯ ಯಂತ್ರಕ್ಕೆ ಚುಚ್ಚಿದಳು. ಆ ಯಂತ್ರಕ್ಕೊಂದು ಪೆನ್ನು. ಮೂವರಲ್ಲಿ ಯಾರು ಎಷ್ಟು ಬಂದಿದ್ದಾರೋ ಅಷ್ಟೆತ್ತರದ ಗುಡ್ಡವನ್ನು ಅದು ಕಾಗದದ ಮೇಲೆ ಗೀಚುತ್ತದೆ. ಎಲ್ಲರೂ ಬಗ್ಗಿದರು. ಫಿಟ್ಟರ್ ತನ್ನ ಮಟ್ಟಿಗೆ ಮೆಲ್ಲನೆ, ಅಂದರೆ ದರ್ಜಿಗೆ ಮಾತ್ರ ಕೇಳುವಷ್ಟು ಮೆಲ್ಲನೆ, "ದೇವರೇ" ಎಂದ.

ಪೆನ್ನು ಒಂದು ಸಣ್ಣ ದಿಬ್ಬ ಬರೆಯಿತು. ಅವನು ಪೀಚಲಣ್ಣ.

ಆಮೇಲೆ ಅದು ಏರತೊಡಗಿತು. ಏರಿತು, ಏರಿತು, ಕಾಗದದ ಅಂಚಿನವರೆಗೂ ಏರಿ, ಅಲ್ಲಿ ಒಂದು ಗಳಿಗೆ ನಿಂತು, ಜಾರುಬಂಡೆಯಲ್ಲಿ ಜಾರಿದ ಹಾಗೆ ಕೆಳಗಿಳಿಯಿತು. ನಡುವಿನವನು. ನಾಲ್ಕನೇ ಪಾಕದಲ್ಲೂ ಅವನು ಇಷ್ಟೆತ್ತರ ಬೆಳೆದಿರಲಿಲ್ಲ.

ಇನ್ನು ಮೂರನೆಯವನು ಬರಬೇಕು. ಅವನು ಬರುವ ಹೊತ್ತಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಕಾಗದ ಸರಿಯುವ ಸಣ್ಣ ಕಿರಕಿರ ಸದ್ದೊಂದೇ. ಅವನು ಬರುವ ಹೊತ್ತು ಮೀರಿತು. ಅವಳು ಒಂದು ಕಣ್ಣು ತೆರೆದಳು. ಪೆನ್ನು ಹಾಸಿದ ಹಾಸಿಗೆಯ ಮೇಲೆ ಮಲಗಿದಂತೆ ನೆಟ್ಟಗೆ ಗೆರೆ ಎಳೆಯುತ್ತ ಹೋಗುತ್ತಿತ್ತು.

ಯಜಮಾನರು ಕರವಸ್ತ್ರವನ್ನು ಇಷ್ಟಿಷ್ಟೇ ಕೆಳಗಿಳಿಸಿದರು. ಒಂದು ಮೂಗಿನ ಹೊಳ್ಳೆ ಹೊರಬಂದಿತು. ಆಮೇಲೆ ಇನ್ನೊಂದು. ಜೋರಾಗಿ ಉಸಿರೆಳೆದರು.

"ವಾಸನೆಯೇ ಇಲ್ಲ!"

"ಇಲ್ಲ!" ಎಂದ ಫಿಟ್ಟರ್.

"ಇಲ್ವಾ?" ಎಂದ ದರ್ಜಿ ರಸ್ತೆಯಾಚೆಯಿಂದ. "ನನಗೂ ಬರ್ತಾ ಇಲ್ಲ!"

ಯಜಮಾನರು ಅವಳ ತಲೆ ಮುಟ್ಟಿ, "ಭಲೇ ಮಗಳೇ" ಎಂದರು. ಆ ಗಳಿಗೆಯಲ್ಲೇ ಮುಖ್ಯಸ್ಥರು ತಮ್ಮ ಕೋಣೆಗೆ ಓಡಿಹೋಗಿ, ಓಡಿಬಂದರು. ಅವರ ಕೈಯಲ್ಲಿ ಒಂದು ಹರಿವಾಣ, ಹರಿವಾಣದ ಮೇಲೆ ಹೊಸ ಬಟ್ಟೆ, ಬಟ್ಟೆಯ ಮೇಲೆ ಒಂದು ಗಾಜಿನ ಭರಣಿ. ಭರಣಿಯ ತುಂಬ ಬಿಳಿಯ ಕಾಳು.

"ಕ್ಷಮಿಸ್ಬೇಕು ಸಾರ್," ಎಂದರು ಮುಖ್ಯಸ್ಥರು ಏದುಸಿರು ಬಿಡುತ್ತ. "ಇದನ್ನ ತಮ್ಮ ಅಮೃತಹಸ್ತದಿಂದಲೇ ಕೊಳವೆಗೆ ಹಾಕಿಸ್ಬೇಕು ಅಂತ ನಿನ್ನೆ ಸಂಜೆಯೇ ನನ್ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಈ ಹುಡುಗಿ ಅವಸರ ಮಾಡಿಬಿಟ್ಳು. ಇದೇ ಸಾರ್, ನಾಲ್ಕನೇ ಪಾಕ!"

ಪಿಸುಮಾತಿನ ತಲೆಯಿಂದ ಯಜಮಾನರ ಕೈ ಮೆಲ್ಲಗೆ ಮೇಲೆದ್ದಿತು.

"ನಾಲ್ಕನೇ ಪಾಕ ಇಲ್ಲಿದ್ರೆ," ಎಂದರು ಅವರು, "ಅದರೊಳಗೆ ಇರೋದು ಏನು?"

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮ ತುಟಿ ಬಿಚ್ಚಲಿಲ್ಲ. ಗಲ್ಲವನ್ನು ಮಾತ್ರ ಒಂದಿಷ್ಟು ಎತ್ತಿ, ಮೂಲೆಯಲ್ಲಿದ್ದ ಬಿಸಾಡುವ ಡಬ್ಬವನ್ನು ತೋರಿಸಿದಳು. ಹನ್ನೊಂದನೇ ಪಾಕದ ಡಬ್ಬ. ಈಗ ಪಿಸುಮಾತಿಗೆ ಕಂಡಿತು, ಡಬ್ಬ ತುಂಬಿರಲಿಲ್ಲ. ಸರಿಯಾಗಿ ಒಂದು ಭರಣಿಯಷ್ಟು ಕಡಿಮೆಯಿತ್ತು.

"ಹನ್… ಹನ್ನೊಂದನೇ ಪಾಕ, ಸಾರ್," ಎಂದಳು.

"ಹಾಳಾಗಿತ್ತು ಅಂದ್ರಲ್ಲ ಅದು?"

"ಹೌದು ಸಾರ್. ಸ್ವಲ್ಪ… ಸರಿ ಮಾಡಿದ್ವಿ."

"ಹೇಗೆ?"

ಅವಳು ನೆಲ ನೋಡಿದಳು. "ಒಂದು ದ್ರವದಲ್ಲಿ ನೆನೆಸಿ… ಸುಟ್ವಿ."

ಫಿಟ್ಟರ್ ಬಾಯಿ ತೆರೆದ. ಅವಳು ಅವನ ಕಾಲನ್ನು ತುಳಿದಳು.

ಯಜಮಾನರು ಚಪ್ಪಾಳೆ ತಟ್ಟಿದರು. "ಇದು ಕೆಲಸ ಅಂದ್ರೆ! ನಾಲ್ಕನೆಯದು ಅದೃಷ್ಟ. ಇದು ವಿದ್ಯೆ! ಬರೋ ವಾರ ಕೊಳ್ಳುವವರನ್ನ ಕರ್ಕೊಂಡು ಬರ್ತೀನಿ. ಅವರ ಕಣ್ಣೆದುರಿಗೆ ಹೊಸ ಪಾಕ ಮಾಡಿ ಇದೇ ಥರ ತೋರ್ಸು. ನಿನ್ನ ಕಾಯಂ ಆದೇಶಕ್ಕೆ ಅಲ್ಲೇ ಸಹಿ ಹಾಕ್ತೀನಿ. ತೋರ್ಸಕ್ಕೆ ಬರ್ಲಿಲ್ಲ ಅಂದ್ರೆ," ಅವರು ಸುತ್ತ ಕಣ್ಣು ಹಾಯಿಸಿದರು, "ಡ್ರಮ್ಮಿಗೂ ಜಾಗ ಬೇಕಲ್ಲ."

"ಆ ದ್ರವ ಯಾವುದು?" ಎಂದು ಮುಖ್ಯಸ್ಥರು ಹೊರಡುವ ಮುನ್ನ ಅವಳ ಕಿವಿಯಲ್ಲಿ ಕೇಳಿದರು.

"ಆಮೇಲೆ ಹೇಳ್ತೀನಿ ಸಾರ್," ಎಂದಳು ಅವಳು. ಜೀವಮಾನದಲ್ಲಿ ಮೊದಲ ಸಲ ಯಾರೋ ಆ ಮಾತನ್ನು ಅವರಿಗೇ ಹಿಂದಿರುಗಿಸಿದ್ದರು.

ಕಾರು ಹೋಯಿತು. ಪಿಸುಮಾತು ಲೆಕ್ಕದ ಕೋಣೆಗೆ ಹೋಗಿ, ಚಿಕ್ಕಮ್ಮನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

"ಚಿಕ್ಕಮ್ಮ, ತಪ್ಪಾಯ್ತು."

ಚಿಕ್ಕಮ್ಮ ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಒಂದೇ ಒಂದು ಮಾತು ಹೇಳು. ಆಮೇಲೆ ಬೇಕಾದ್ರೆ ವರ್ಷಗಟ್ಟಲೆ ಮಾತಾಡ್ಬೇಡ. ಆಡಿಟರ್ ನನ್ನ ಕಾಳಿನ ಮೇಲೆ ಕೂತಿದ್ದು ಇದೇ ಮೊದಲಾ?"

ಚಿಕ್ಕಮ್ಮ ಬಹಳ ಹೊತ್ತು ತಡೆದುಕೊಂಡಳು. ಅವಳ ಭುಜ ಅಲುಗಿತು. ಮೌನ ಅವಳಿಗೂ ಸುಲಭವಾಗಿರಲಿಲ್ಲ, ಒಲೆಯ ಮೇಲಿನ ಮುಚ್ಚಳದ ಹಾಗೆ ಕುದಿಯುತ್ತಿದ್ದಳು. ಕೊನೆಗೆ ಕುರ್ಚಿ ಗಿರ್‍ರನೆ ತಿರುಗಿತು.

"ಮೊದಲಾ ಅಂತೆ! ಚಳಿ ಶುರುವಾದಾಗ ನಿನ್ನ ಕಾಳು ಒಣಗಿಸೋ ಒಲೆ ಕೆಟ್ಟಿರ್ಲಿಲ್ವಾ? ಬಿಸಿಲು ಬೀಳತ್ತೆ ಅಂತ ಒಂದು ತಟ್ಟೆ ತಂದು ನನ್ನ ಕಿಟಕೀಲಿ ಒಣಹಾಕಿರ್ಲಿಲ್ವಾ? ವಾರ ಪೂರ್ತಿ ಅದರ ಮೇಲೇ ಬಿಡಾರ ಹೂಡಿತ್ತು ನಿನ್ನ ವೈರಿ. ನೀನು ಬೇಜಾರು ಮಾಡ್ಕೋತೀಯ ಅಂತ ನಾನೇ ದಿನಾ ಚಮಚದಲ್ಲಿ ತೆಗೆದು ಹಾಕಿ, ಕೈಯಾಡ್ಸಿ ಸಮ ಮಾಡಿ ಇಡ್ತಿದ್ದೆ. ಒಂದು ಮಾತು ಹೇಳಿದ್ನಾ ನಿಂಗೆ? ಹೊಟ್ಟೇಲಿ ಹಾಕ್ಕೊಂಡೆ."

ಒಲೆ ಕೆಟ್ಟಿದ್ದಾಗ ಮಾಡಿದ್ದು ನಾಲ್ಕನೇ ಪಾಕ.

ಪಿಸುಮಾತು ಗೋಡೆಗೆ ಒರಗಿದಳು. ಎಲ್ಲ ಒಂದರ ಹಿಂದೊಂದು ಬಂದು ಅವಳೆದುರು ಸಾಲಾಗಿ ನಿಂತವು. ಬೆಕ್ಕಿನ ಮೂತ್ರದಲ್ಲಿ ಅಮೋನಿಯಾ ಇದೆ, ಫಾಸ್ಫೇಟ್ ಇದೆ. ಅವು ಮೆಲ್ಲಮೆಲ್ಲಗೆ ಕಾಳಿಗೆ ಇಳಿದು, ಕುಲುಮೆಯಲ್ಲಿ ಸುಟ್ಟು, ಒಳಗಿನ ಕೋಣೆಗಳನ್ನು ಚುರುಕು ಮಾಡಿ, ಹೊರಜಗುಲಿಯನ್ನು ಮುಚ್ಚಿಬಿಟ್ಟಿದ್ದವು. ಮೂರನೆಯವನಿಗೆ ಹುಟ್ಟುವುದಕ್ಕೆ ಜಾಗವೇ ಇರಲಿಲ್ಲ. ಅದೇ ಲವಣಗಳನ್ನು ಅವಳೂ ಹಿಂದೆ, ಕೆಟ್ಟುಹೋದ ಪಾಕಗಳಿಗೆ, ಸೀಸೆಯಿಂದ ತೆಗೆದು ಹಾಕಿ ನೋಡಿದ್ದಳು, ಅರ್ಧದಷ್ಟು, ಇಮ್ಮಡಿ, ಬಿಸಿಯಲ್ಲಿ, ತಣ್ಣಗೆ. ಪ್ರತಿಸಲ ಮೀನು. ಬೆಕ್ಕು ಅದರ ಜೊತೆ ಇನ್ನೇನು ಬೆರೆಸುತ್ತಿತ್ತೋ, ಎಷ್ಟು ಹದದಲ್ಲಿ ಬೆರೆಸುತ್ತಿತ್ತೋ, ಅದಕ್ಕೇ ಗೊತ್ತು. ಅದು ಹೇಳುವ ಹಾಗಿರಲಿಲ್ಲ. ಇದ್ದಿದ್ದರೂ, ಈ ದಿನ ಬೆಳಿಗ್ಗೆ ಆದ ಅವಮಾನದ ಮೇಲೆ ಹೇಳುತ್ತಿತ್ತೇ?

ಅವಳು ಧಡಕ್ಕನೆ ಎದ್ದಳು.

"ಬೇರೆ ಬೆಕ್ಕು ಆಗಲ್ವಾ?" ಎಂದ ಫಿಟ್ಟರ್. ಅವನು ಯಾವಾಗ ಬಂದು ನಿಂತನೋ.

"ಎರಡು ಸಲ ಕೆಲಸ ಮಾಡಿದ್ದು ಆಡಿಟರ್. ಬೇರೆ ಬೆಕ್ಕು ಹಾಕಿದ್ರೆ ಮತ್ತೆ ಒಂದನೇ ಪಾಕದಿಂದ ಶುರು ಮಾಡ್ಬೇಕು."

"ವಾಪಸು ಕರೆಸ್ಬೇಕಾದ್ರೆ ನಿನ್ನ ಹಳೇ ವಾಸನೆಯಿಂದ್ಲೇ ಕರೆಸ್ಬೇಕು," ಎಂದಳು ಚಿಕ್ಕಮ್ಮ. ಅವಳ ಮೌನ ಮುರಿದದ್ದು ಪೂರ್ತಿ ಮುರಿದಿತ್ತು. "ಅದು ಇಲ್ಲಿಗೆ ಬಂದಿದ್ದೇ ಅದಕ್ಕೆ. ನೀನು ಮೊದಲನೇ ಪಾಕ ಕೊಳವೆಗೆ ಹಾಕಿದ ದಿನವೇ ಬಂತು. ಎಲ್ಲೋ ಮೀನಿದೆ ಅಂದ್ಕೊಂಡು ಇವತ್ತಿನ ತನಕ ಕಾಯ್ತಾ ಇತ್ತು ಪಾಪ. ಇವತ್ತು ನೋಡಿದ್ರೆ ಕಟ್ಟಡವೇ ಘಮ್ಮಂತಿದೆ. ಹೇಗೆ ಬರತ್ತೆ?"

ಆ ಸಂಜೆ, ಕೆಲಸ ಬಿಡುವ ಹೊತ್ತಿನಲ್ಲಿ, ಹೆಸರಿಗೆ ತಕ್ಕ ಹಾಗೆ ಸದ್ದಿಲ್ಲದೆ, ಪಿಸುಮಾತು ಆ ಅಪರೂಪದ ಕಾಳನ್ನು ಕೊಳವೆಯಿಂದ ತೆಗೆದಿಟ್ಟು, ಅದರ ಜಾಗಕ್ಕೆ ಡಬ್ಬದಲ್ಲಿ ಉಳಿದಿದ್ದ ಹನ್ನೊಂದನೇ ಪಾಕವನ್ನು ತುಂಬಿದಳು. ತಿಂಗಳುಗಟ್ಟಲೆ ಯಾರನ್ನು ಓಡಿಸಲು ಒದ್ದಾಡಿದ್ದಳೋ ಆ ಮೂರನೆಯವನನ್ನು ಈಗ ಕೈಮುಗಿದು ಕರೆಯುತ್ತಿದ್ದಳು. ಕಿಟಕಿಗಳನ್ನೆಲ್ಲ ತೆರೆದಳು. ಅವನು ಬಂದ. ಅವನು ಕರೆಸಿಕೊಂಡರೆ ಬಾರದೆ ಇರುವವನೇ ಅಲ್ಲ.

ರಸ್ತೆಯಾಚೆ ಅಂಗಡಿಯ ಬಾಗಿಲನ್ನು ಎಳೆದುಕೊಳ್ಳುತ್ತಿದ್ದ ದರ್ಜಿ ಒಮ್ಮೆ ಮೂಸಿ, ಇನ್ನೊಮ್ಮೆ ಮೂಸಿ, "ಒಂದು ಮಧ್ಯಾಹ್ನ! ಒಂದೇ ಒಂದು ಮಧ್ಯಾಹ್ನ ಸುಖ ಕೊಟ್ರಲ್ರೀ!" ಎಂದು ಅಳುವ ದನಿಯಲ್ಲಿ ಕೂಗಿದ.

ಬೆಕ್ಕುಗಳು ಬಂದವು. ಕಪ್ಪು ಬಂತು, ಕೆಂಪು ಬಂತು, ಒಂದು ಕಿವಿ ಹರಿದದ್ದು ಬಂತು, ಕತ್ತಿಗೆ ಗಂಟೆ ಕಟ್ಟಿಸಿಕೊಂಡ ಯಾರದೋ ಮನೆಯ ಮುದ್ದಿನದು ಬಂತು. ಕಿಟಕಿಯ ಕಟ್ಟೆಯ ಮೇಲೆ, ನಾಟಕಕ್ಕೆ ಮುಂದಿನ ಸಾಲಿನ ಜಾಗ ಹಿಡಿದವರ ಹಾಗೆ ಒತ್ತೊತ್ತಾಗಿ ಕೂತವು. ಅವಳು ಹೊಸ ಕಾಳಿನ ತಟ್ಟೆಯನ್ನು ಮುಂದೆ ಸರಿಸಿದಳು. ಅವು ತಟ್ಟೆಯನ್ನು ಮೂಸಿ, ಅವಳ ಮುಖ ನೋಡಿ, ಮೀನೆಲ್ಲಿ ಎಂದು ಕೇಳಿದವು. ಬೂದುಬಣ್ಣದ್ದು ಮಾತ್ರ ಬರಲಿಲ್ಲ.

ಬಂದವನು ವ್ಯಾನ್ ಡ್ರೈವರ್. ಬೆಕ್ಕುಗಳ ಜಾತ್ರೆಯನ್ನು ನೋಡಿ ಬಾಗಿಲಲ್ಲೇ ನಿಂತ.

"ಒಂದನ್ನ ಬಿಟ್ಟು ಬಾ ಅಂದ್ರಿ, ಇಲ್ಲಿ ನೋಡಿದ್ರೆ…"

"ಎಲ್ಲಿ ಬಿಟ್ರಿ?" ಅವಳು ಅವನ ತೋಳು ಹಿಡಿದುಕೊಂಡಳು. "ಆಡಿಟರನ್ನ ಎಲ್ಲಿ ಬಿಟ್ರಿ?"

"ಬೇಜಾರು ಮಾಡ್ಕೋಬೇಡಿ ಮೇಡಂ, ಬೀದೀಲಿ ಬಿಡಲಿಲ್ಲ. ನನಗೂ ಕರುಳಿದೆ," ಎಂದ ಅವನು. "ಪಾಪ, ದಾರಿ ಉದ್ದಕ್ಕೂ ಪೆಟ್ಟಿಗೇಲಿ ಅಳ್ತಿತ್ತು. ಇದಕ್ಕೆ ಮನೆ ಅನ್ನಿಸೋ ಅಂಥ ಜಾಗ ಎಲ್ಲಿದೆ ಅಂತ ಮೂಗು ಹಿಡಿದುಕೊಂಡು ಹುಡುಕ್ದೆ. ಹೊಳೆ ದಾಟಿದ ತಕ್ಷಣ ಸಿಕ್ತು. ಥೇಟ್ ನಮ್ಮ ವಾಸನೆ! ಆ ಕಾರ್ಖಾನೆಯವರು ಒಳ್ಳೇ ಜನ ಮೇಡಂ, ಕರೆದು ಹಾಲು ಹಾಕಿದ್ರು. ಅಲ್ಲೂ ಕಿಟಕಿ ಹತ್ರ ಬಿಸಿಲಿಗೆ ಒಂದು ದೊಡ್ಡ ತಟ್ಟೆ ಇಟ್ಟಿದ್ರು, ಬಿಳಿ ಕಾಳು ಒಣಹಾಕಿ. ನೆಟ್ಟಗೆ ಅದರ ಮೇಲೆ ಹೋಗಿ, ಎರಡು ಸಲ ಸುತ್ತಿ, ಎಷ್ಟು ನೆಮ್ಮದಿಯಾಗಿ ಕೂತ್ಕೊಂಡ್ತು ಅಂತೀರಿ!"

ಅವಳು ಬಾಯಿ ತೆರೆದಳು. ಬೆಳಿಗ್ಗೆ ಬಂದಿದ್ದ ಆ ದನಿಗಾಗಿ ಒಳಗೆಲ್ಲ ತಡಕಾಡಿದಳು. ಬೆಕ್ಕುಗಳು ಕಿವಿ ನಿಮಿರಿಸಿ ಕಾದವು.

"ವಾಪಸು… ತಗೊಂಡು ಬನ್ನಿ…" ಎಂದಳು. ಯಾರಿಗೂ ಕೇಳಿಸಲಿಲ್ಲ.